ಆರನೆಯ ಡಬ್ಬಿ

ಬೂಟಿನ ದಾರ ಕಟ್ಟುವಾಗಲೇ ಲಯೊನೆಲ್ ಥ್ರಪ್‌ಗೆ ಇವತ್ತು ಬರಬಾರದಾಗಿತ್ತು ಅನ್ನಿಸಿತು. ಎಡಗಾಲಿನ ಗಂಟು ಎರಡು ಸಲ ಬಿಚ್ಚಿಹೋಗಿತ್ತು. ಮೂರನೆಯ ಸಲ ಬಿಗಿದು ತಲೆ ಎತ್ತಿದರೆ ಚರ್ಚಿನ ಗೇಟಿನ ಹತ್ತಿರ ಆಂಬ್ರೋಸ್ ಟಿಲ್ಲಿ ಆಗಲೇ ಬಂದು ನಿಂತಿದ್ದಾನೆ, ಕೈಯಲ್ಲೊಂದು ಖಾಲಿ ಬಟ್ಟೆಚೀಲ. ಮಧ್ಯಾಹ್ನದ ಹೊತ್ತಿಗೆ ಅದರೊಳಗೆ ಒಂಬತ್ತು ಡಬ್ಬಿಗಳು ಬಂದು ಬೀಳಬೇಕು. ಹನ್ನೊಂದು ವರ್ಷ ಈ ಕಾಲುದಾರಿಗಳ ಬೇಲಿಸಂದಿಯಲ್ಲಿ, ಕಲ್ಲುಗೋಡೆಯ ಬಿರುಕಿನಲ್ಲಿ, ಸೇಬುತೋಟದ ಮುದಿ ಮರಗಳ ಪೊಟರೆಯಲ್ಲಿ ಅಡಗಿ ಕೂತಿದ್ದ ಡಬ್ಬಿಗಳನ್ನು, ಇಟ್ಟವನೇ ಇವತ್ತು ಒಂದೊಂದಾಗಿ ಎತ್ತಿಬಿಡುತ್ತಾನೆ. ಜೊತೆಗೆ ಬಾ ಎಂದು ಕರೆದದ್ದು ಲಯೊನೆಲ್‌ನನ್ನು. ಜಿಲ್ಲೆಯಲ್ಲಿ ಡಬ್ಬಿ ಹುಡುಕುವ ಈ ಆಟ ಆಡುವವರು ಇನ್ನೂರು ಜನ ಇದ್ದಾರು, ಬೇರೆ ಯಾರನ್ನಾದರೂ ಕರೆಯಬಹುದಿತ್ತಲ್ಲ ಎಂದು ಅವನಿಗೆ ಮುದುಕನ ಮೇಲೆ ಸಿಟ್ಟೂ ಬಂತು. ಆ ಸಿಟ್ಟಿಗೆ ನಾಚಿಕೆಯೂ ಆಯಿತು.

"ತುಂಬಾ ಹೊತ್ತಾಯ್ತಾ ಬಂದು?"

"ಒಂದು ಗಂಟೆ ಆಗಿರ್ಬೇಕು. ನೀನೇನೂ ಲೇಟಾಗಿಲ್ಲಪ್ಪ. ಈಗೀಗ ಎಲ್ಲಾದಕ್ಕೂ ನಾನೇ ಬೇಗ ಬಂದ್ಬಿಡ್ತೀನಿ. ಹೊರಡೋದೇ ಮರ್ತುಹೋದ್ರೆ ಅಂತ," ಎಂದು ಆಂಬ್ರೋಸ್ ನಕ್ಕ. ನಗು ಅರ್ಧಕ್ಕೇ ನಿಂತಿತು.

ಮೇ ತಿಂಗಳ ಬೆಳಗು. ರಾತ್ರಿ ಮಳೆಯಾಗಿ ದಾರಿಯ ಕೆಂಪು ಜೇಡಿ ಬೂಟಿಗೆ ಮೆತ್ತಿಕೊಳ್ಳುತ್ತಿತ್ತು. ಮುಂದೆ ಆಂಬ್ರೋಸ್, ಹಿಂದೆ ಲಯೊನೆಲ್. ಮುದುಕನಿಗೆ ಎಪ್ಪತ್ತಾರು, ಐವತ್ತು ವರ್ಷ ಹೆರೆಫರ್ಡ್‌ಶೈರ್ ಜಿಲ್ಲೆಯ ಮನೆಮನೆಗೆ ಹೋಗಿ ಪಿಯಾನೊಗಳ ಶ್ರುತಿ ಸರಿಮಾಡಿದವನು. ಅವನ ಡಬ್ಬಿಗಳೆಲ್ಲ ಗಂಟಲುಗುಳಿಗೆಯ ಹಳೆಯ ತಗಡಿನ ಡಬ್ಬಿಗಳು. ಪ್ರತಿಯೊಂದರ ಮುಚ್ಚಳದೊಳಗೆ ಒಂದು ಅಂಕಿ. ಎಂಟು ಡಬ್ಬಿಯ ಎಂಟು ಅಂಕಿ ಜೋಡಿಸಿದರೆ ಒಂಬತ್ತನೆಯದು ಇರುವ ಜಾಗ ತಿಳಿಯುತ್ತದೆ. ಡಬ್ಬಿ ಸಿಕ್ಕಿದವರು ಒಳಗಿನ ಚೀಟಿಯಲ್ಲಿ ಸಹಿ ಹಾಕಬೇಕು, ಮನೆಗೆ ಹೋಗಿ ಆಟದ ವೆಬ್‌ಸೈಟಿನಲ್ಲಿ 'ಸಿಕ್ಕಿತು' ಎಂದು ಬರೆಯಬೇಕು. ಸಿಗದಿದ್ದರೆ ಅದನ್ನೂ ಬರೆಯಬೇಕು, 'ಸಿಗಲಿಲ್ಲ' ಎಂದು. ಎಷ್ಟು ಜನ ಅದನ್ನು ಬರೆಯುತ್ತಾರೆ? ಬೇಲಿಗೆ ಮೈ ಪರಚಿಸಿಕೊಂಡು ಬರಿಗೈಯಲ್ಲಿ ಬಂದದ್ದನ್ನು ಊರಿಗೆಲ್ಲ ಸಾರುವ ಉತ್ಸಾಹ ಯಾರಿಗಿರುತ್ತದೆ? ಲಯೊನೆಲ್ ಮಾತ್ರ ತಪ್ಪದೆ ಬರೆಯುತ್ತಿದ್ದ. ಅವನ ಕೆಲಸವೂ ಹಾಗೆಯೇ ಇತ್ತು. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಕಸಾಯಿಯವನ ತಕ್ಕಡಿ, ಬಂಕಿನ ಪೆಟ್ರೋಲ್ ಪಂಪು, ಪಬ್ಬಿನಲ್ಲಿ ಬಿಯರ್ ಅಳೆಯುವ ಪೈಂಟ್ ಲೋಟ, ಎಲ್ಲದರ ಸುಳ್ಳನ್ನೂ ಕೂದಲೆಳೆಯಷ್ಟಿದ್ದರೂ ಹಿಡಿಯುವವನು. ಆಟದವರ ಸಭೆಯಲ್ಲಿ ಒಮ್ಮೆ ಎದ್ದು ನಿಂತು ಭಾಷಣವನ್ನೇ ಮಾಡಿದ್ದ: ಡಬ್ಬಿ ಸಿಗದಿದ್ದಾಗ ಜೇಬಿನಿಂದ ತನ್ನದೇ ಡಬ್ಬಿ ತೆಗೆದು ಅಲ್ಲಿ ಎಸೆದು, ಅದಕ್ಕೇ ಸಹಿ ಹಾಕಿ, 'ಸಿಕ್ಕಿತು' ಎಂದು ಬರೆಯುತ್ತಾರಲ್ಲ, ಅವರು ಹುಡುಕುವವರಲ್ಲ, ಕಳ್ಳರು. ಅವತ್ತು ಜನ ಚಪ್ಪಾಳೆ ತಟ್ಟಿದ್ದರು. ಆಂಬ್ರೋಸ್ ಎಲ್ಲರಿಗಿಂತ ಜೋರಾಗಿ ತಟ್ಟಿದ್ದ.

ಮೊದಲನೆಯ ಡಬ್ಬಿ ಗೋಡೆಯಲ್ಲಿ ಸಿಕ್ಕಿತು, ಎರಡನೆಯದು ಸೇಬಿನ ಮರದಲ್ಲಿ. ಆಂಬ್ರೋಸ್ ಕೈ ಹಾಕಿದಲ್ಲೇ ಡಬ್ಬಿ. ಹಾಗಿದ್ದರೂ ಪ್ರತಿ ಸಲ ಕೈ ಹಾಕುವ ಮುಂಚೆ ಅರೆಕ್ಷಣ ನಿಲ್ಲುತ್ತಿದ್ದ, ತನ್ನ ಕೈ ಬೇರೆ ಯಾರದೋ ಮನೆಯ ಬಾಗಿಲು ತಟ್ಟುತ್ತಿದೆಯೇನೋ ಎಂಬಂತೆ. ಡಬ್ಬಿ ಚೀಲಕ್ಕೆ ಬಿದ್ದು ಠಣ್ ಎಂದಾಗ ಲಯೊನೆಲ್ ಬೇರೆ ಕಡೆ ನೋಡುತ್ತಿದ್ದ.

"ಗುರುವಾರ ಡಾಕ್ಟ್ರ ಹತ್ರ," ಎಂದ ಆಂಬ್ರೋಸ್, ಮೂರನೆಯದರ ಕಡೆ ತಿರುಗುತ್ತ. "ನೆನಪಿನ ಪರೀಕ್ಷೆ. ಗಡಿಯಾರದ ಚಿತ್ರ ಬರೀರಿ, ಹನ್ನೊಂದು ಹತ್ತು ತೋರ್ಸಿ ಅಂತಾರಂತೆ. ಮಗಳು ರೊವೆನಾ ಹೇಳಿದ್ಲು. ಮನೇಲಿ ಪ್ರಾಕ್ಟೀಸ್ ಮಾಡ್ತಿದೀನಿ."

"ಅದಕ್ಕೆಂಥ ಪ್ರಾಕ್ಟೀಸು."

"ಅವಳೂ ಅದನ್ನೇ ಅಂದ್ಲು. ಪ್ರಾಕ್ಟೀಸ್ ಮಾಡಿ ಪಾಸಾದ್ರೆ ಅದು ಮೋಸ ಅಂತೆ. ನಿಮ್ಮ ಇಲಾಖೆ ಏನನ್ನತ್ತೆ?"

ಲಯೊನೆಲ್‌ಗೆ ನಗಲಾಗಲಿಲ್ಲ. "ಕಾರು ಎಲ್ಲಿ?" ಎಂದ, ಏನಾದರೂ ಕೇಳಬೇಕಲ್ಲ ಎಂದು.

"ಕೊಟ್ಬಿಟ್ಟೆ. ಯಾರೂ ಕೇಳ್ಲಿಲ್ಲ, ನಾನೇ ಬೀಗದ ಕೈ ತಗೊಂಡೋಗಿ ಮಗಳ ಕೈಲಿ ಇಟ್ಟೆ. ಪಿಯಾನೊಗಳನ್ನೂ ಬಿಟ್ಟೆ. ಕಿವಿಗೇನೂ ಆಗಿಲ್ಲ ಕಣಯ್ಯಾ. ಆದ್ರೆ ಇನ್ನೂರ ಮೂವತ್ತು ತಂತಿ. ಯಾವ್ದು ಆಯ್ತು ಯಾವ್ದು ಆಗಿಲ್ಲ ಅಂತ ತಲೇಲಿ ಇರ್ಬೇಕಲ್ಲ. ಇಲ್ದೆ ಇದ್ದಿದ್ದನ್ನ ಇದೆ ಅಂತ ಬರ್ದಿರೋ ತಲೆ ಇದು."

ಇಲ್ದೆ ಇದ್ದಿದ್ದನ್ನ ಇದೆ ಅಂತ. ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಕುರಿಗಳು ಮೇಯುತ್ತಿದ್ದ ಇಳಿಜಾರಿನಲ್ಲಿ ನಡೆಯುತ್ತಿದ್ದವನಿಗೆ ಕಾಲಡಿಯ ಹುಲ್ಲು ಹೋಗಿ ಹೋದ ನವೆಂಬರಿನ ಕೊಳೆತ ಎಲೆ ಬಂತು. ನಾಲ್ಕು ಗಂಟೆಗೇ ಬೆಳಕು ಮಂಕಾಗುತ್ತಿತ್ತು. ಅವತ್ತು ಅವನ ಐದುಸಾವಿರದ ಡಬ್ಬಿ. ಯಾವುದಾದರೂ ಬಸ್‌ಸ್ಟಾಪಿನ ಹಿಂದಿನ ಡಬ್ಬಿಯನ್ನು ಐದುಸಾವಿರದ್ದು ಮಾಡಿಕೊಳ್ಳಬಹುದಿತ್ತು, ಆದರೆ ಗೆಳೆಯರು, ಆಂಬ್ರೋಸ್‌ನ ದಾರಿಯದ್ದೇ ಆಗಲಿ, ಮುದುಕನಿಗೂ ಖುಷಿಯಾಗುತ್ತದೆ ಎಂದಿದ್ದರು. ಐದು ಡಬ್ಬಿ ಸರಾಗವಾಗಿ ಸಿಕ್ಕಿದವು. ಆರನೆಯದು, ಅದೇ ಐದುಸಾವಿರದ್ದು, ಬೇಲಿ ದಾಟಲು ಮೆಟ್ಟಿಲು ಹಾಕಿದ ತಡಮೆಯ ಪಕ್ಕದ ಹೇಜಲ್ ಗಿಡದ ಬುಡದಲ್ಲಿರಬೇಕು. ಇರಲಿಲ್ಲ. ಮಂಡಿಯೂರಿ, ಹೊಟ್ಟೆಯ ಮೇಲೆ ಮಲಗಿ, ಮುಕ್ಕಾಲು ಗಂಟೆ ಹುಡುಕಿದ. ಅಷ್ಟರಲ್ಲಿ ಪಬ್ಬಿನಲ್ಲಿ ಹದಿನಾಲ್ಕು ಜನ ಕಾಯುತ್ತಿದ್ದರು, ಕೇಕಿನ ಮೇಲೆ ಸಕ್ಕರೆಯಲ್ಲಿ 5000 ಎಂದು ಬರೆಸಿದ್ದರು, ಅದನ್ನು ಅವನಿಗೆ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದರು, ಅವನಿಗೆ ಗೊತ್ತಿತ್ತು. ಕೈ ಮರಗಟ್ಟಿತ್ತು. ಆ ಕೈ ತಾನಾಗಿ ಜೇಬಿಗೆ ಹೋಯಿತು ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿಕೊಂಡ. ಕೈ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಜೇಬಿನಲ್ಲಿ ಕ್ಯಾಮೆರಾ ರೀಲಿನ ಕಪ್ಪು ಡಬ್ಬಿಯೊಂದಿತ್ತು. ಹೊಸ ಚೀಟಿ ಸುತ್ತಿ ಒಳಗಿಟ್ಟ. ಮೊದಲ ಸಾಲಿನಲ್ಲಿ ತನ್ನ ಸಹಿ. ಮುಚ್ಚಳದಲ್ಲಿ ಅಂಕಿ ಇಲ್ಲದಿದ್ದರೆ ಮುಂದೆ ಬರುವವರಿಗೆ ಅನುಮಾನ ಬರುತ್ತದಲ್ಲ. ನಾಲ್ಕು ಎಂದು ಬರೆದ. ಯಾಕೆ ನಾಲ್ಕು? ಗಂಟೆ ನಾಲ್ಕು ದಾಟಿತ್ತು, ಅಷ್ಟೇ ಇರಬೇಕು. ಆಮೇಲೆ ಕೆಳಗಿಳಿದು ಹೋಗಿ, ಕೇಕು ನೋಡಿ ಬೆಚ್ಚಿಬಿದ್ದವನ ಹಾಗೆ ನಟಿಸಿದ. ಒಂದೇ ಸಂಜೆಯಲ್ಲಿ ಎರಡು ನಾಟಕ.

ನಾಲ್ಕನೆಯದೂ ಐದನೆಯದೂ ಚೀಲಕ್ಕೆ ಬಿದ್ದವು. ದಾರಿ ಕಿರಿದಾಗಿ ಎರಡು ಬೇಲಿಗಳ ನಡುವೆ ಏರತೊಡಗಿತು. ಎದುರಿಗೆ ನಾಯಿ ಹಿಡಿದುಕೊಂಡು ಬಂದ ಹೆಂಗಸೊಬ್ಬಳು ಆಂಬ್ರೋಸ್‌ಗೆ "ಹುಷಾರಾಗಿದೀರಾ?" ಎಂದು ಕೇಳಿದಳು, ಕಿವುಡರನ್ನು ಕೇಳುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ. ಊರಿಗೆಲ್ಲ ಸುದ್ದಿ ಹೋಗಿತ್ತು. ಆಂಬ್ರೋಸ್ ಟೋಪಿ ಎತ್ತಿ, ಹುಷಾರು ಹುಷಾರು ಎಂದ. ಅವಳು ದಾಟಿಹೋದ ಮೇಲೆ ತಿರುಗಿ, ದನಿ ತಗ್ಗಿಸಿ, "ಅವಳ ಹೆಸ್ರು ಮಾರ್ಜರಿ ಪ್ರಾಸ್ಸರ್. ಅವಳಮ್ಮನ ಪಿಯಾನೊಲಿ ಇಲಿ ಮರಿಹಾಕಿತ್ತು," ಎಂದು ಲಯೊನೆಲ್‌ಗೆ ಒಪ್ಪಿಸಿದ. ನೆನಪಿದೆ ನೋಡು ಎನ್ನುವ ದನಿ. ಪರೀಕ್ಷೆಗೆ ಯಾರು ಸಿಕ್ಕಿದರೂ ಸರಿ ಎನ್ನುವಂತಾಗಿದ್ದ ಮುದುಕ. ಆ ದನಿಯನ್ನು ಕೇಳಲಾರದೆ ಲಯೊನೆಲ್ ಮುಂದೆ ಹೆಜ್ಜೆ ಹಾಕಿದ.

ಜನವರಿಯಲ್ಲಿ ಹೇಳಬಹುದಿತ್ತು. ಇಬ್ಬರು ಹೆಂಗಸರು ನಾಲ್ಕರ ಲೆಕ್ಕ ಹಿಡಿದು ಒಂಬತ್ತನೆಯದನ್ನು ಹುಡುಕುತ್ತ ಯಾರದೋ ಕೋಳಿಗೂಡಿನ ಹಿಂದಕ್ಕೆ ಹೋಗಿ, ನಾಯಿ ಅಟ್ಟಿಸಿಕೊಂಡು ಬಂದು, ಒಬ್ಬಳ ಪ್ಯಾಂಟು ಹರಿದಿತ್ತು. ದೂರು ಬಂದ ಮೇಲೆ ಆಂಬ್ರೋಸ್ ಹೋಗಿ ನೋಡಿದ್ದ. ವೆಬ್‌ಸೈಟಿನಲ್ಲಿ ಬರೆದ: 'ಆರನೆಯದರಲ್ಲಿ ನಾಲ್ಕು ಎಂದಿರುವುದು ನನ್ನ ತಪ್ಪು. ಏಳು ಆಗಬೇಕು. ಡಬ್ಬಿ ಯಾವಾಗ ಬದಲಾಯಿಸಿದೆನೋ ಅದೂ ನೆನಪಿಲ್ಲ. ಮುದಿ ತಲೆ, ಕ್ಷಮಿಸಿ.' ಕೆಳಗೆ ಜನ ಸಾಲುಸಾಲಾಗಿ ಸಮಾಧಾನ ಬರೆದರು. ಲಯೊನೆಲ್ ಕೂಡ ಬರೆದ. 'ಯಾರಿಗಾದರೂ ಆಗಬಹುದಾದ ತಪ್ಪು, ಆಂಬ್ರೋಸ್.' ಡಬ್ಬಿ ಎಸೆದದ್ದಕ್ಕೆ ಕತ್ತಲು, ಚಳಿ, ಕೇಕು ಎಂದು ಏನಾದರೂ ಸಬೂಬು ಹೇಳಿಕೊಳ್ಳಬಹುದು. ಈ ಒಂದು ಸಾಲನ್ನು ಅವನು ಬೆಚ್ಚಗೆ ಮನೆಯಲ್ಲಿ ಕೂತು, ಟೀ ಕುಡಿಯುತ್ತ ಬರೆದಿದ್ದ. ರಾತ್ರಿ ನಿದ್ದೆ ಬಾರದಾಗ ಕಣ್ಣೆದುರು ಬರುತ್ತಿದ್ದದ್ದು ಇದೇ ಸಾಲು.

ತಡಮೆ ಬಂತು. ಆಂಬ್ರೋಸ್ ಬೇಲಿಯ ಬುಡಕ್ಕೆ ಬಗ್ಗಿ, ಕಪ್ಪು ಡಬ್ಬಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡ. ಚೀಲಕ್ಕೆ ಹಾಕಲಿಲ್ಲ.

"ಇದೇ ನೋಡು," ಎಂದ. "ಉಳಿದಿದ್ದೆಲ್ಲ ತಗಡಿಂದು, ಇದೊಂದು ಪ್ಲಾಸ್ಟಿಕ್. ಇಂಥವು ಮನೇಲಿ ಒಂದು ಡ್ರಾಯರ್ ತುಂಬಾ ಇವೆ, ತಗೊಂಡು ಬಂದಿದ್ದೂ ನಾನೇ ಇರ್ಬೇಕು. ಯಾವಾಗ? ಯಾಕೆ? ತಲೆ ಕೆರ್ಕೊಂಡ್ರೂ ಹೊಳೀಲಿಲ್ಲ. ಯಾರೋ ಎಸೆದ ಡಬ್ಬಿ ಅಂತ ಮೊದಲು ಅನ್ಕೊಂಡೆ. ಖುಷಿನೇ ಆಯ್ತು. ಆಮೇಲೆ ಚೀಟಿ ಬಿಚ್ಚಿದೆ. ಮೊದಲ್ನೇ ಸಹಿ ನಿಂದು."

ಲಯೊನೆಲ್ ಬಾಯಿ ತೆರೆದ.

"ಬೇರೆ ಯಾವನ ಹೆಸರಿದ್ರೂ ಅವನೇ ಎಸೆದಿದ್ದು ಅಂತ ಬೈಕೊಂಡು ಸುಮ್ನಾಗ್ತಿದ್ದೆ. ನಿನ್ನ ಹೆಸರಿತ್ತು. ನೀನು ಮಾಡೋನಲ್ಲ. ಹಾಗಾದ್ರೆ ನೀನು ಬರೋಕೆ ಮುಂಚೆ ನಾನೇ ಇಟ್ಟಿರ್ಬೇಕಲ್ವಾ? ಇಷ್ಟೇ ಲೆಕ್ಕ. ಇಲ್ಲೇ ಕೂತ್ಬಿಟ್ಟೆ ಕಣಯ್ಯಾ ಅವತ್ತು, ಈ ಮೆಟ್ಲ ಮೇಲೆ. ಎದ್ದೇಳೋಕೆ ಆಗ್ಲಿಲ್ಲ."

"ಅದು ನಾನೇ ಎಸೆದಿದ್ದು," ಎಂದ ಲಯೊನೆಲ್.

ಅಷ್ಟು ಸುಲಭವಾಗಿ ಬಾಯಿಂದ ಬಿದ್ದುಬಿಟ್ಟಿತಲ್ಲ ಎಂದು ಅವನಿಗೇ ದಿಗಿಲಾಯಿತು. ಆರು ತಿಂಗಳು ಎದೆಯ ಮೇಲೆ ಕೂತದ್ದು ಮೂರೇ ಶಬ್ದ. ಈಗ ಮುದುಕ ಹೊಡೆಯಬಹುದು, ಉಗಿಯಬಹುದು. ಅವನು ಕಾದ.

ಆಂಬ್ರೋಸ್ ಮೆಲ್ಲನೆ ಅವನ ತೋಳು ತಟ್ಟಿದ. "ರೊವೆನಾ ಹೇಳಿಕೊಟ್ಲಾ?"

"ಇಲ್ಲ. ಆಂಬ್ರೋಸ್, ಕೇಳಿ ಇಲ್ಲಿ. ನವೆಂಬರಲ್ಲಿ. ನಿಮ್ಮ ಡಬ್ಬಿ ನಂಗೆ ಸಿಗ್ಲೇ ಇಲ್ಲ. ಕತ್ಲಾಗಿತ್ತು. ನನ್ನ ಹತ್ರ ಒಂದು ಡಬ್ಬಿ ಇತ್ತು, ಇಟ್ಟೆ. ನಾಲ್ಕು ಅಂತ ಬರ್ದಿದ್ದು ನಾನು."

"ಹಂಗಾದ್ರೆ ನನ್ನ ತಗಡಿನ ಡಬ್ಬಿ ಎಲ್ಲೋಯ್ತು?"

"ಗೊತ್ತಿಲ್ಲ."

"ಅದೇ ಮತ್ತೆ. ನಾನೇ ತೆಗ್ದು ಎಲ್ಲೋ ಇಟ್ಟು ಮರ್ತಿದೀನಿ." ಅವನು ಮಗುವಿಗೆ ಹೇಳುವಂತೆ ಹೇಳಿದ. "ಹೋದ ವಾರ ಪಾದ್ರಿಯವ್ರೂ ಹಿಂಗೇ ಮಾಡಿದ್ರು. ಹಾಡಿನ ಪುಸ್ತಕ ತಪ್ಪಾಗಿ ಜೋಡಿಸಿದ್ದು ನಾನು, ಅವ್ರು ತಾನು ಅಂದ್ಬಿಟ್ರು. ಎಲ್ರೂ ತುಂಬಾ ಒಳ್ಳೆಯವ್ರಾಗ್ಬಿಟ್ಟಿದೀರಿ. ನೀನಾದ್ರೂ ನಂಗೆ ಸುಳ್ಳು ಹೇಳ್ಬೇಡ ಲಯೊನೆಲ್. ನಿಂಗೆ ಅದು ಬರೋದೂ ಇಲ್ಲ."

ಲಯೊನೆಲ್ ಬೇಲಿಗೆ ನುಗ್ಗಿದ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ. ತಗಡಿನ ಡಬ್ಬಿ ಇಲ್ಲೇ ಎಲ್ಲೋ ಇರಬೇಕು, ಹಂದಿಯಂತೆ ಮಣ್ಣು ಕೆದಕಿಯಾದರೂ ತೆಗೆದು ಮುದುಕನ ಕೈಗಿಡಬೇಕು. ತುರಿಕೆಗಿಡ ಮಣಿಕಟ್ಟಿಗೆ ಚುಚ್ಚಿ ಬೊಬ್ಬೆ ಎದ್ದವು. ಮುಳ್ಳಿಗೆ ಕಿವಿ ಗೀರಿತು. ಡಿಸೆಂಬರಿನಲ್ಲಿ ರೈತನ ಯಂತ್ರ ಬಂದು ಬೇಲಿಯನ್ನೆಲ್ಲ ಸವರಿಹೋಗಿತ್ತು. ಹಳೆಯ ಕೊಂಬೆಗಳ ಚೂರು, ಬಿಯರ್ ಕ್ಯಾನಿನ ಚೂರು, ಮೇಲೆ ಹೊಸ ಚಿಗುರು. ತಗಡಿನ ಡಬ್ಬಿ ಮಾತ್ರ ಎಲ್ಲೂ ಇರಲಿಲ್ಲ. ಬೆನ್ನ ಹಿಂದೆ ಯಾರೋ ಬರುವ ಸದ್ದಾಯಿತು. ಬೆನ್ನಿಗೆ ಚೀಲ ಕಟ್ಟಿಕೊಂಡ ಗಂಡಹೆಂಡತಿ, ದಾರಿ ಕೇಳಿಕೊಂಡು ನಡೆಯುವ ಜಾತಿ. ಬೇಲಿಯಿಂದ ಹೊರಗೆ ಚಾಚಿದ್ದ ಲಯೊನೆಲ್‌ನ ಹಿಂಭಾಗವನ್ನು ನೋಡಿ ಇಬ್ಬರೂ ನಿಂತರು.

"ಏನಾದ್ರೂ ಕಳ್ಕೊಂಡಿದಾರಾ ಪಾಪ?" ಎಂದಳು ಹೆಂಡತಿ.

"ನಂದು ಕಣಮ್ಮಾ, ಕಳ್ಕೊಂಡಿರೋದು ನಾನು. ಅವ್ನು ಹುಡುಕಿ ಕೊಡ್ತಾನಂತೆ," ಎಂದ ಆಂಬ್ರೋಸ್. ಅವರು ನಕ್ಕು ತಡಮೆ ಹತ್ತಿ ಹೋದರು. "ಬಾರಯ್ಯಾ, ಸಾಕು. ಮೈಯೆಲ್ಲ ಪರಚಿಸ್ಕೊಂಡೆ."

ಲಯೊನೆಲ್ ಎದ್ದು ಬಂದ. ಅವನ ಮಂಡಿಯ ಮಣ್ಣನ್ನು ಆಂಬ್ರೋಸ್ ಬಗ್ಗಿ ಒರೆಸಹೋದಾಗ ಅವನಿಗೆ ಅಳು ಒತ್ತಿಕೊಂಡು ಬಂತು. ಬೇಡ ಎಂದು ಆ ಕೈಯನ್ನು ಹಿಡಿದುಕೊಂಡ. ತನ್ನ ಪ್ರಾಮಾಣಿಕತೆಯ ಹೆಸರನ್ನು ಇಪ್ಪತ್ತು ವರ್ಷ ಬೆಳೆಸಿದ್ದ, ಉಜ್ಜಿ ಉಜ್ಜಿ ಹೊಳಪು ಕೊಟ್ಟಿದ್ದ. ಈಗ ನಿಜ ಹೇಳಹೋದರೆ ಅದೇ ಹೆಸರು ಅಡ್ಡ ನಿಂತಿತ್ತು. ಇನ್ನು ಗುರುವಾರ ಈ ಮನುಷ್ಯ ಹೋಗಿ ಡಾಕ್ಟರ ಮುಂದೆ ಗಡಿಯಾರ ಬರೆಯುತ್ತಾನೆ. ಭಯಪಟ್ಟು ತಪ್ಪು ಬರೆದರೂ ಬರೆದಾನು. ಅಲ್ಲಿಗೆ ಮುಗಿಯಿತು.

ತಡಮೆ ದಾಟಲು ಆಂಬ್ರೋಸ್ ಅವನ ಭುಜ ಹಿಡಿದ. ಇಬ್ಬರೂ ಗುಡ್ಡ ಹತ್ತಿದರು. ಏಳನೆಯ ಡಬ್ಬಿ ಗುಡ್ಡದ ಆಚೆ. ಮುದುಕ ನೆತ್ತಿಯ ಮೇಲಿನ ಗೇಟಿನ ಹತ್ತಿರ ಏದುಸಿರು ಬಿಡುತ್ತ ಒಂದು ದಿಮ್ಮಿಯ ಮೇಲೆ ಕೂತ. ಕಾಗದದ ಪೊಟ್ಟಣ ಬಿಚ್ಚಿ, ಚೀಸು ಉಪ್ಪಿನಕಾಯಿ ಹಾಕಿದ ಬ್ರೆಡ್ಡನ್ನು ಎರಡು ಭಾಗ ಮಾಡಿ, ದೊಡ್ಡದನ್ನು ಲಯೊನೆಲ್‌ಗೆ ಕೊಟ್ಟ. ಆ ಹೊತ್ತಿಗೆ ಲಯೊನೆಲ್‌ನ ಜೇಬಿನಲ್ಲಿ ಫೋನು ಮೇಲಿಂದ ಮೇಲೆ ಸಣ್ಣಗೆ ನಡುಗಿತು. ಕೆಳಗೆ ಕಣಿವೆಯಲ್ಲಿ ಇಲ್ಲದ ಸಿಗ್ನಲ್ಲು ಇಲ್ಲಿ ಬಂದಿತ್ತು.

ಎಡಗೈಯಲ್ಲಿ ಬ್ರೆಡ್ಡು, ಬಲಗೈಯಲ್ಲಿ ಫೋನು. ಆಟದ ವೆಬ್‌ಸೈಟು ತೆರೆದ. ಆರು ತಿಂಗಳ ಹಿಂದಿನ ಸಾಲು ಹಾಗೆಯೇ ಇತ್ತು. 'ಸಿಕ್ಕಿತು. ಐದುಸಾವಿರ! ಧನ್ಯವಾದ ಆಂಬ್ರೋಸ್.' ಕೆಳಗೆ ಅಭಿನಂದನೆಗಳ ಸಾಲು. ಅಳಿಸಬೇಕೆ ಎಂದು ಫೋನು ಕೇಳಿತು. ಹೆಬ್ಬೆರಳು ಅಲ್ಲೇ ನಿಂತಿತು. ಹದಿನಾಲ್ಕು ಜನರ ಮುಖ, ಸಭೆಯ ಚಪ್ಪಾಳೆ, ಆಫೀಸಿನಲ್ಲಿ ಇದೇ ಆಟ ಆಡುವ ಕಿರಿಯ ಸಹೋದ್ಯೋಗಿ ಸೋಮವಾರ ಬೆಳಿಗ್ಗೆ ತನ್ನತ್ತ ತಿರುಗಿಸುವ ಕುರ್ಚಿ, ಎಲ್ಲ ಕಂಡವು. ನಾಳೆ ಬರೆದರಾಗದೆ ಎಂದು ಮನಸ್ಸು ಹೇಳಿತು. ಎಂದಿನ ಹಾಗೆ ಮೆತ್ತಗೆ, ಬುದ್ಧಿವಾದದ ದನಿಯಲ್ಲಿ ಹೇಳಿತು. ಅವನು ಅಳಿಸಿದ. ಅದರ ಜಾಗದಲ್ಲಿ ತಪ್ಪು ತಪ್ಪಾಗಿ ಒತ್ತುತ್ತ, ತಿದ್ದುತ್ತ, ಬರೆದ: 'ಸಿಗಲಿಲ್ಲ. ನವೆಂಬರ್ ಹದಿನಾಲ್ಕರಂದು ಮುಕ್ಕಾಲು ಗಂಟೆ ಹುಡುಕಿದೆ, ಸಿಗಲಿಲ್ಲ. ಅಲ್ಲಿದ್ದ ಕಪ್ಪು ಡಬ್ಬಿ ನಾನು ಎಸೆದದ್ದು. ನಾಲ್ಕು ನಾನು ಬಾಯಿಗೆ ಬಂದ ಹಾಗೆ ಬರೆದದ್ದು. ಆಂಬ್ರೋಸ್ ತಪ್ಪು ಮಾಡಿಲ್ಲ. ಲಯೊನೆಲ್ ಥ್ರಪ್.' ಕಳಿಸಿದ.

ಮುದುಕನ ಕೋಟಿನ ಜೇಬಿನಲ್ಲಿ ಟಿಣ್ ಎಂದಿತು. ತನ್ನ ಡಬ್ಬಿಗಳ ಬಗ್ಗೆ ಯಾರು ಏನು ಬರೆದರೂ ಅವನಿಗೆ ಹಾಗೆ ಸುದ್ದಿ ಬರುತ್ತದೆ.

"ಯಾರೋ ಪಾಪ, ಎತ್ತಿದ ಮೇಲೆ ಬಂದಿದಾರೆ," ಎನ್ನುತ್ತ ಆಂಬ್ರೋಸ್ ಬ್ರೆಡ್ಡನ್ನು ಮಂಡಿಯ ಮೇಲಿಟ್ಟು, ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ದೂರ ಹಿಡಿದು ಓದಿದ. ತುಟಿ ಅಲುಗುತ್ತಿತ್ತು. ಮುಗಿಸಿ, ಮತ್ತೆ ಮೊದಲಿನಿಂದ ಓದಿದ. ಈ ಆಟದಲ್ಲಿ ಸಿಗದ್ದನ್ನು ಸಿಕ್ಕಿತು ಎಂದು ಬರೆದವರು ಬೇಕಾದಷ್ಟು ಜನ. ಸಿಕ್ಕಿದ್ದನ್ನು ಸಿಗಲಿಲ್ಲ ಎಂದು ಬರೆದವನು ಇನ್ನೂ ಹುಟ್ಟಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಗಾಳಿಗೆ ಬ್ರೆಡ್ಡಿನ ಕಾಗದ ಹಾರಿ ಗೇಟಿಗೆ ಸಿಕ್ಕಿಕೊಂಡಿತು. ಯಾರೂ ಎತ್ತಿಕೊಳ್ಳಲಿಲ್ಲ.

"ನಿನ್ನ ಐದುಸಾವಿರ ಹೋಯ್ತಲ್ಲೋ," ಎಂದ ಆಂಬ್ರೋಸ್ ಕೊನೆಗೆ.

"ಹೋಯ್ತು."

"ಎಲ್ರೂ ಓದ್ತಾರೆ."

"ಓದ್ಲಿ."

"ಹಂಗಾದ್ರೆ ನಿಜ." ಅದು ಪ್ರಶ್ನೆಯಾಗಿರಲಿಲ್ಲ. ಮುದುಕನ ಮುಖ ಒಮ್ಮೆ ಪೂರ್ತಿ ಸಡಿಲವಾಯಿತು, ನಗುತ್ತಾನೆ ಎಂದುಕೊಂಡ ಲಯೊನೆಲ್. ನಗಲಿಲ್ಲ. ಗೇಟಿನ ಕಂಬ ಹಿಡಿದು ಎದ್ದ. ಲಯೊನೆಲ್ ಚಾಚಿದ ಕೈ ಅವನಿಗೆ ಕಾಣಿಸಿತು, ಹಿಡಿಯಲಿಲ್ಲ.

"ದಿನಾ ಬೆಳಿಗ್ಗೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ದಿನಾ ಬೆಳಿಗ್ಗೆ, ಕಣ್ಣು ಬಿಡೋಕೆ ಮುಂಚೆ, ಹಾಸಿಗೇಲಿ ಮಲಗೇ ನನ್ನ ಹೆಂಡ್ತಿ ಮುಖ ನೆನಪಿದ್ಯಾ ಅಂತ ನೋಡ್ಕೊಳ್ತಿದ್ದೆ. ವಿನಿಫ್ರೆಡ್ ಹೋಗಿ ಒಂಬತ್ತು ವರ್ಷ. ಮುಖ ಬರ್ತಿತ್ತು. ಮೂಗು, ಹಣೆ, ಎಲ್ಲಾ. ಬಂದ್ರೂ ಇದು ಅವಳದ್ದೇ ಹೌದಾ ಅಂತ ನಂಬಿಕೆ ಬರ್ತಿರ್ಲಿಲ್ಲ. ನಾಲ್ಕು ತಿಂಗ್ಳು ಲಯೊನೆಲ್."

ಲಯೊನೆಲ್ ಏನೋ ಹೇಳಲು ಹೋದ. ಆಂಬ್ರೋಸ್ ಕೈಯೆತ್ತಿ ತಡೆದ. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಂದ ದಾರಿಯ ಕಡೆಗೇ ತಿರುಗಿ ನಿಂತ. ಒಳಗೆ ತಗಡಿನ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಎಲ್ಲಿಗೆ? ನಾನೂ ಬರ್ತೀನಿ."

"ಇವನ್ನ ವಾಪಸ್ ಇಟ್ಟು ಬರ್ತೀನಿ. ನೀನು ಬರ್ಬೇಡ. ಯಾವ್ದು ಎಲ್ಲಿ ಅಂತ ನಂಗೆ ಗೊತ್ತಿದೆ."

ಅವನು ಕೆಂಪು ಜೇಡಿಯ ಇಳಿಜಾರಿನಲ್ಲಿ ಯಾರ ಭುಜವನ್ನೂ ಹಿಡಿಯದೆ ಇಳಿದುಹೋದ. ಲಯೊನೆಲ್ ಕೈಯಲ್ಲಿದ್ದ ಬ್ರೆಡ್ಡನ್ನು ತಿನ್ನಲೂ ಆಗದೆ ಎಸೆಯಲೂ ಆಗದೆ ಗೇಟಿನ ಹತ್ತಿರವೇ ನಿಂತಿದ್ದ.